ಹಣೆಯ ಮೇಲಿನ ರೂಪಾಯಿ

ಟಂಕಸಾಲೆಯಲ್ಲಿ ಅಚ್ಚು ಪಕ್ಕಕ್ಕೆ ಜಾರಿ, ಚಿತ್ರ ಅರ್ಧ ಅಂಚಿನಾಚೆ ಹೋದ ನಾಣ್ಯ ಕಂಡರೆ ಸಾಕು, ಅದು ತನ್ನ ಕೈಸೇರುವವರೆಗೆ ದೊರೆಸ್ವಾಮಿಗೆ ಊಟ ಸೇರುತ್ತಿರಲಿಲ್ಲ. ಅಂಥ ನಾಣ್ಯಗಳಿಗೆಲ್ಲ ರಾಜನಂಥದ್ದು ಗೆಳೆಯ ಚಿಕ್ಕಣ್ಣನ ಹತ್ತಿರವಿತ್ತು: ಸಿಂಹಗಳ ತಲೆಯೇ ಹಾರಿಹೋದ ಒಂದು ರೂಪಾಯಿ. ಕೇಳಿ ಕೇಳಿ ದೊರೆಸ್ವಾಮಿಯ ನಾಲಿಗೆ ಸವೆದಿತ್ತೇ ಹೊರತು ಚಿಕ್ಕಣ್ಣ ಕೊಟ್ಟಿರಲಿಲ್ಲ.

ಈಗ ಚಿಕ್ಕಣ್ಣನೇ ಸತ್ತು ಜಗಲಿಯ ಮೇಲೆ ಮಲಗಿದ್ದ. ಹಾರ ಹಿಡಿದು ಬಂದ ದೊರೆಸ್ವಾಮಿ ಹೆಣದ ಮುಖ ನೋಡಿ ನಿಜವಾಗಿಯೂ ಕುಸಿದುಬಿಟ್ಟ. ಶಾಸ್ತ್ರಕ್ಕೆಂದು ಹಣೆಗೆ ಅಂಟಿಸಿದ್ದು ಅದೇ ರೂಪಾಯಿ!

"ಇದನ್ನ ಯಾರಮ್ಮ ಇಟ್ಟಿದ್ದು?"

"ನಾನೇ ಅಣ್ಣ. ಹಣೆಗೊಂದು ಕಾಸು ಇಡಬೇಕಲ್ಲ," ಎಂದಳು ಚಿಕ್ಕಣ್ಣನ ಹೆಂಡತಿ.

"ಮಣ್ಣು ಮಾಡುವಾಗ ತೆಗೀತೀರಾ?"

"ಹೆಣದ ಕಾಸು ಯಾರು ಮುಟ್ತಾರಣ್ಣ? ಹಂಗೇ ಮಣ್ಣಾಗುತ್ತೆ."

ಮಣ್ಣಾಗುವುದೇ! "ಅಯ್ಯೋ ಗೆಳೆಯಾ" ಎಂದು ದೊರೆಸ್ವಾಮಿ ಹೆಣದ ಮೇಲೆ ಬಿದ್ದು ಗೋಳಾಡಿದ. ಅವನ ಸ್ನೇಹ ಕಂಡು ನೆಂಟರಿಷ್ಟರೆಲ್ಲ ಕಣ್ಣೊರೆಸಿಕೊಂಡರು. ಅವನು ಎದ್ದಾಗ ಹೆಣದ ಹಣೆಯಲ್ಲಿ ಒಂದು ಕುಂದೂ ಇಲ್ಲದ, ಹೊಚ್ಚ ಹೊಸ ರೂಪಾಯಿ ಹೊಳೆಯುತ್ತಿತ್ತು.

ಚಿಕ್ಕಣ್ಣನ ಹೆಂಡತಿ ಅದನ್ನು ನೋಡಿದಳು, ಅವನನ್ನೂ ನೋಡಿದಳು. ಆಮೇಲೆ ತನ್ನ ಸೆರಗಿನ ತುದಿಯ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು.

"ನೀವು ಎತ್ಕೊಂಡಿದ್ದು ನಕಲಿ ಅಣ್ಣ. ನಮ್ಮೆಜಮಾನ್ರು ಹೇಳಿಯೇ ಹೋಗಿದ್ರು, ದೊರೆಸ್ವಾಮಿ ಅದನ್ನ ಮುಟ್ಟದೆ ಮಣ್ಣು ಹಾಕಿ ಹೋದ್ರೆ, ಅಸಲಿ ರೂಪಾಯಿನ ಅವನಿಗೇ ಕೊಟ್ಬಿಡು ಅಂತ."