ಒಂದು ಸಾಲು ಬದಲಾಯಿಸಿದವರು

ಬೆಸುಗೆ ಹಾಕುವಾಗ ರಾಳ ಕರಗಿ ಏಳುವ ವಾಸನೆ. ಗದಗದಲ್ಲಿ ಶಾಲೆ ಬಿಟ್ಟು ಅಬ್ಬಾನ ರೇಡಿಯೊ ರಿಪೇರಿ ಅಂಗಡಿಗೆ ಕಾಲಿಟ್ಟರೆ ಮೂಗಿಗೆ ಮೊದಲು ತಾಗುತ್ತಿದ್ದುದು ಅದೇ. ಡಚ್ಚರ ನಾಡಿನ ಆಮರ್ಸ್‌ಫೋರ್ಟ್ ಬಳಿಯ ಈ ಪುಟ್ಟ ಊರಿನ ಪುರಸಭೆಯಲ್ಲಿ, ಕೌಂಟರಿನ ಮುಂದಿನ ಸಾಲು ಬಾಗಿಲು ದಾಟಿ ಸೈಕಲ್ ಸ್ಟ್ಯಾಂಡಿನವರೆಗೆ ಬೆಳೆದಾಗ, ರಿಮ್ಷಾಳಿಗೆ ಆ ವಾಸನೆ ಯಾಕೆ ನೆನಪಾಯಿತೋ.

ಅಮೆರಿಕದ ಕಂಪನಿಯ ತಂತ್ರಾಂಶವನ್ನು ಬದಿಗಿಟ್ಟು, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶದ ಮೇಲೆ ಪುರಸಭೆ ನಡೆಯಲು ಶುರುವಾದ ಮೊದಲ ದಿನ ಅದು. ರಿಮ್ಷಾ ಮತ್ತು ಬಾಗಲಕೋಟೆಯ ರವಿಕಿರಣ ಸೇರಿ ಅದನ್ನು ಕೂರಿಸಿದ್ದರು. ಹಳೆಯ ಕಂಪನಿಯ ಗುತ್ತಿಗೆ ಅಂದೇ ಮುಗಿಯುತ್ತಿತ್ತು. ಆರು ಗಂಟೆಗೆ ಮುಖ್ಯಾಧಿಕಾರಿ ಮಹಡಿಯಿಂದ ಇಳಿದು ಬಂದು, ಕೌಂಟರಿನಲ್ಲಿ ಎಲ್ಲರಿಗಿಂತ ಹಿರಿಯರಾದ ಹಾನೆಕೆಯವರನ್ನು ಒಂದೇ ಮಾತು ಕೇಳುವವರಿದ್ದರು: ಇದರಲ್ಲೇ ಇರೋಣವೋ, ಹಳೆಯದಕ್ಕೇ ಸಹಿ ಹಾಕೋಣವೋ? ಸಹಿ ಬಿದ್ದರೆ ಇನ್ನೈದು ವರ್ಷ ಅದೇ ಗತಿ. ರಿಮ್ಷಾ ನಿದ್ದೆಗೆಟ್ಟು ಕಟ್ಟಿದ್ದೆಲ್ಲ ಕಸದ ಬುಟ್ಟಿಗೆ.

ಗುರುವಾರ ಜನರಿಗೆ ಕೌಂಟರು ತೆರೆಯುವುದು ಸಂಜೆ ನಾಲ್ಕಕ್ಕೆ. ಅಲ್ಲಿಯವರೆಗೂ ಎಲ್ಲವೂ ಬೆಣ್ಣೆಯಂತೆ ಸಾಗಿತ್ತು. ಮೊದಲಿಗೆ ಬಂದವರು ತಯಾರಾದ ಪಾಸ್‌ಪೋರ್ಟು ಒಯ್ಯಲು ಕಾದಿದ್ದ ಮುದುಕರು, ವಾನ್ ಡೈಕ್. ಹಾನೆಕೆ ಎಂದಿನಂತೆ 'ಡೈಕ್' ಎಂದು ಒತ್ತಿದರು. ಡಚ್ಚರು ಹೆಸರು ಹುಡುಕುವಾಗ 'ವಾನ್', 'ಡೆ'ಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮಲ್ಲಿ ಇನಿಶಿಯಲ್ಲನ್ನು ಬಿಟ್ಟು ಹೆಸರು ಹಿಡಿಯುವ ಹಾಗೆ. ತೆರೆಯ ಮೇಲೆ ಉತ್ತರ ಬಂತು: ಇಂಥವರು ಈ ಊರಿನಲ್ಲಿಲ್ಲ. ನಾನು ಹುಟ್ಟಿದ್ದೇ ಇಲ್ಲಿ, ಎಂದರು ಮುದುಕರು. ಅವರ ಹಿಂದೆ ನಿಂತಿದ್ದ ಡೆ ಫ್ರೀಸ್ ಕೂಡ ಊರಿನಲ್ಲಿರಲಿಲ್ಲ. ಹೆಸರು ಎಲ್ಲಿ ಶುರುವಾಗುತ್ತದೋ ಅಲ್ಲಿಂದ ಹುಡುಕು ಎಂದು ಬರೆದವಳು ರಿಮ್ಷಾಳೇ. ಹೊರಗಿನಿಂದ ಬಂದವರಷ್ಟೇ ಮಾಡಬಲ್ಲ ತಪ್ಪು.

"ಅರ್ಧ ಊರನ್ನ ಗಡೀಪಾರು ಮಾಡೀಯಲ್ಲವಾ," ಎಂದ ರವಿಕಿರಣ.

"ನಗಬ್ಯಾಡ್ರೀ ಅಣ್ಣಾ. ಹಳೇ ಕಂಪನಿದು ಆಗಿದ್ರ ಈಗ ಏನ್ ಮಾಡ್ತಿದ್ವಿ?"

"ದೂರು ಬರದು ಕೈ ಕಟ್ಟಿ ಕುಂದರ್ತಿದ್ವಿ. ದೀಪಾವಳಿಗೆ ಉತ್ತರ ಬರ್ತಿತ್ತು."

"ಮತ್ತ ಇದು?"

"ಇದು ನಮ್ಮದೈತಿ. ಬಿಚ್ಚು."

ಅಬ್ಬಾ ರೇಡಿಯೊದ ಹಿಂಬದಿಯ ಮುಚ್ಚಳ ತೆಗೆದರೆ ಒಳಗೆ ಅದರ ನಕ್ಷೆ ಅಂಟಿಸಿರುತ್ತಿತ್ತು. ನಕ್ಷೆ ಇದ್ದ ಮೇಲೆ ಹೆದರಿಕೆ ಯಾತಕ್ಕೆ ಎನ್ನುತ್ತಿದ್ದರು. ರಿಮ್ಷಾ ತಂತ್ರಾಂಶದ ಮುಚ್ಚಳ ತೆಗೆದಳು. ತಾನು ಬರೆದಿದ್ದನ್ನು ಸಾಲು ಸಾಲಾಗಿ ಓದುತ್ತಾ ಹೋದಳು. ತಪ್ಪು ಕೂತ ಜಾಗ ಸಿಕ್ಕಿದಾಗ ಮಗುವಿನಂತೆ ಮೇಜು ಗುದ್ದಿದಳು. ಆ ಒಂದು ಸಾಲು ಬದಲಾಯಿಸಿ, ತಿದ್ದಿದ್ದನ್ನು ಎಲ್ಲ ಊರುಗಳ ಪುರಸಭೆಗಳೂ ನೋಡುವ ಸಾರ್ವಜನಿಕ ಜಾಗಕ್ಕೆ ಹಾಕಿದ ಸ್ವಲ್ಪ ಹೊತ್ತಿಗೆ, ಬೆಲ್ಜಿಯಮ್ಮಿನ ಗೆಂಟ್ ಪಟ್ಟಣದಿಂದ ಒಬ್ಬ ಹೆಂಗಸು ಬರೆದಳು. ಮುಖ ಕಂಡವಳಲ್ಲ. ಮನೆಗೆ ಹೊರಟಿದ್ದವಳು ಕೋಟು ಹಾಕಿಕೊಂಡೇ ಕೂತು ಪರೀಕ್ಷೆ ಮಾಡಿದ್ದಳಂತೆ: ಚೆನ್ನಾಗಿದೆ, ಆದರೆ ನಮ್ಮಲ್ಲಿ 'ವಾನ್' ಲೆಕ್ಕಕ್ಕುಂಟು, ದಯವಿಟ್ಟು ನಮ್ಮ ಊರನ್ನು ಖಾಲಿ ಮಾಡಬೇಡಿ, ಆಯ್ಕೆ ಕೊಡಿ, ಅವರವರ ಪದ್ಧತಿ ಅವರವರಿಗೆ. ರವಿಕಿರಣ ಹೊಟ್ಟೆ ಹಿಡಿದುಕೊಂಡು ನಕ್ಕ. ರಿಮ್ಷಾ ಆಯ್ಕೆಯನ್ನೂ ಸೇರಿಸಿದಳು.

ಅತ್ತ ಹಾನೆಕೆ ವಾನ್ ಡೈಕರಿಗೆ ತಮ್ಮ ಕುರ್ಚಿಯನ್ನೇ ಕೊಟ್ಟು, ತಾವು ನಿಂತೇ ಸಾಲನ್ನು ಸಮಾಧಾನ ಮಾಡುತ್ತಿದ್ದರು. ತಪ್ಪು ಯಾರದೆಂದು ಒಬ್ಬರಿಗೂ ಹೇಳಲಿಲ್ಲ.

ಆರಕ್ಕೆ ಮುಖ್ಯಾಧಿಕಾರಿ ಬಂದು ಸಾಲನ್ನು ನೋಡಿದರು, ಹುಬ್ಬು ಗಂಟಾಯಿತು. ಹಾನೆಕೆ ಕನ್ನಡಕ ಸರಿಮಾಡಿಕೊಂಡು 'ಡೈಕ್' ಎಂದು ಒತ್ತಿದರು. ಊರಿನ ಡೈಕರೆಲ್ಲ ಒಟ್ಟಿಗೆ ತೆರೆಯ ಮೇಲೆ ಬಂದು ನಿಂತರು. ಮುದುಕರು ಕೈಗೆ ಬಂದ ಪಾಸ್‌ಪೋರ್ಟನ್ನು ಎದೆಗವಚಿಕೊಂಡು, ಅಂತೂ ನಾನು ಇದ್ದೇನೆ ಎಂದು ಎದ್ದರು.

"ತಪ್ಪಾಗಿತ್ತು. ಸಂಜೆಯೊಳಗೆ ಸರಿಯಾಯಿತು," ಎಂದರು ಹಾನೆಕೆ ಅಧಿಕಾರಿಗೆ. "ಹಳೆಯದರ ಬಗ್ಗೆ ಹೋದ ವರ್ಷ ನಾನು ಕೊಟ್ಟ ದೂರಿಗೆ ಇನ್ನೂ ಉತ್ತರ ಬಂದಿಲ್ಲ. ಇದರಲ್ಲೇ ಇರೋಣ."

ಅಧಿಕಾರಿ ತಲೆಯಾಡಿಸಿ, ಪೆನ್ನನ್ನು ಜೇಬಿಗೆ ಸೇರಿಸಿಕೊಂಡು ಮಹಡಿ ಹತ್ತಿದರು. ರವಿಕಿರಣ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. ಸಾಲಿನಲ್ಲಿದ್ದವರು ಏನೆಂದು ಗೊತ್ತಿಲ್ಲದೆಯೇ ಚಪ್ಪಾಳೆ ತಟ್ಟಿದರು. ಕುರ್ಚಿಗೊರಗಿದ ರಿಮ್ಷಾಳಿಗೆ ಆಗಷ್ಟೇ ಕಿಟಕಿಯಾಚೆ ಸೂರ್ಯ ಮುಳುಗಿದ್ದು ಕಂಡಿತು. ರಮಜಾನಿನ ಉಪವಾಸ ಬಿಡುವ ಹೊತ್ತು. ಖರ್ಜೂರದ ಡಬ್ಬಿ ಮನೆಯ ಮೇಜಿನ ಮೇಲೆಯೇ ಉಳಿದಿತ್ತು. ಇಲ್ಲಿ ಅವರವರ ಊಟದ ಡಬ್ಬಿ ಅವರವರಿಗೆ. ಕೇಳುವ ಪದ್ಧತಿಯೂ ಇಲ್ಲ, ಕೊಡುವ ಪದ್ಧತಿಯೂ ಇಲ್ಲ.

ಹಾನೆಕೆ ಬಿಸಿ ಬಟ್ಟಲೊಂದನ್ನು ಎರಡೂ ಕೈಗಳಲ್ಲಿ ಹಿಡಿದು ಬಂದರು. ಬಟಾಣಿ ಸೂಪು. ಹಂದಿಮಾಂಸವಿಲ್ಲದೆ ಅದು ಸೂಪೇ ಅಲ್ಲ ಎಂದು ಚಳಿಗಾಲದ ಆರಂಭದಲ್ಲಿ ಅವರೇ ವಾದಿಸಿದ್ದರು. ರಿಮ್ಷಾ ಬಟ್ಟಲು ನೋಡಿದಳು, ಅವರ ಮುಖ ನೋಡಿದಳು.

"ನಮ್ಮಜ್ಜಿ ಬರೆದಿಟ್ಟ ವಿಧಾನವೇ," ಎಂದು ಹಾನೆಕೆ ಮೆಲ್ಲಗೆ ಹೇಳಿದರು. "ನಿನ್ನೆ ಅದರಲ್ಲಿ ಒಂದು ಸಾಲು ಬದಲಾಯಿಸಿದೆ."

ಚಮಚವನ್ನು ಅವಳ ಕೈಗಿತ್ತು, ಮುಂದಿನವರನ್ನು ಕರೆಯಲು ಕೌಂಟರಿಗೆ ಮರಳಿದರು.