ತಿರುವಿನಿಂದ ಬಾಗಿಲವರೆಗೆ

ಹಾಡಿನ ಕೊನೆಯ ಸಾಲನ್ನು ಸಿಳ್ಳೆಯಲ್ಲಿ ಮೇಲಕ್ಕೇರಿಸಿ, ಗಾಳಿಪಟದ ದಾರದಂತೆ ಮೆಲ್ಲನೆ ಸಡಿಲಬಿಡುತ್ತಾ ಅವಳು ಕಣ್ಣೆತ್ತಿದಳು. ಬಾಗಿಲಲ್ಲಿ ಗಂಡ ನಿಂತಿದ್ದ. ಕಾಲ ಕೆಳಗೆ ಹೊಲಿಗೆಯಂತ್ರ ಇನ್ನೂ ಓಡುತ್ತಲೇ ಇತ್ತು; ಸೂಜಿ ಅಂಗಿಯ ಅಂಚು ದಾಟಿ ಬರಿಗಾಳಿಯನ್ನು ಹೊಲಿಯತೊಡಗಿತು.

"ಯಾವಾಗ ಬಂದ್ರಿ?"

"ಈಗ." ಈಗ ಎಂದರೆ ಎಷ್ಟು ಹೊತ್ತಿನಿಂದ ಎಂದು ಹೇಳಲಿಲ್ಲ. ಚಪ್ಪಲಿ ಬಿಟ್ಟು, ಹೂಜಿಯಿಂದ ನೀರು ಬಗ್ಗಿಸಿ ಕುಡಿದು, "ಹೇಗಿದೆ ಹೊಸಾ ಸೈಲೆನ್ಸರು? ಬೆಕ್ಕು ಬಂದ ಹಾಗೆ ಬಂದೆ, ಅಲ್ವಾ? ಆರು ತಿಂಗಳಿಂದ ಪ್ರಾಣ ತಿಂತಿದ್ಯಲ್ಲ, ಇನ್ನಾದ್ರೂ ಸಮಾಧಾನವಾಯ್ತಾ?" ಎನ್ನುತ್ತ ಹಿತ್ತಲಿಗೆ ಹೋದ. ಸಿಳ್ಳೆಯ ಸುದ್ದಿಯೇ ಎತ್ತಲಿಲ್ಲ.

ಪ್ರಾಣ ತಿಂದದ್ದು ನಿಜ. ಮನೆಮನೆಗೆ ಹೋಗಿ ನೀರಿನ ಮೀಟರು ಓದುವ ಕೆಲಸ ಅವನದು. ಮೊಣಕಾಲು ಕೈಕೊಟ್ಟ ಮೇಲೆ ಹಳೆಯ ಸೈಕಲ್ಲಿಗೆ ಪುಟ್ಟದೊಂದು ಟೂ ಸ್ಟ್ರೋಕ್ ಇಂಜಿನು ಕಟ್ಟಿಸಿಕೊಂಡಿದ್ದ. ತೆಂಗಿನಕಾಯಿ ಗಾತ್ರದ ಇಂಜಿನು, ಊರು ಹಾರಿಹೋಗುವಂಥ ಸದ್ದು. ಪಕ್ಕದ ಮನೆಯ ಕೂಸು ಬೆಚ್ಚಿ ಏಳುತ್ತದೆ, ನನ್ನ ತಲೆ ಸಿಡಿಯುತ್ತದೆ ಎಂದು ದಿನವೂ ಗೊಣಗಿದವಳು ಅವಳೇ. ಆದರೆ ನೀರಿನ ಟ್ಯಾಂಕಿನ ತಿರುವಿನಲ್ಲಿ ಆ ಸದ್ದು ಎದ್ದರೆ, ಅದು ಏರು ಹತ್ತಿ ಬಾಗಿಲಿಗೆ ಬರಲು ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ಸಿಗುತ್ತಿತ್ತು. ಅಷ್ಟರಲ್ಲಿ ತುಟಿ ಬಿಗಿಯುತ್ತಿತ್ತು, ಕೂದಲು ಗಂಟಾಗುತ್ತಿತ್ತು, ಅವನ ಕುರ್ಚಿಯ ಮೇಲಿನ ಬಟ್ಟೆಯ ರಾಶಿ ನೆಲಕ್ಕಿಳಿಯುತ್ತಿತ್ತು. ಒಬ್ಬ ಹೆಂಡತಿ ಸಿದ್ಧವಾಗುತ್ತಿದ್ದಳು. ಇಂಜಿನಿಗೆ ಮೊದಲು ಸೈಕಲ್ಲಿನ ಚೈನು ಕರಕರ ಎಂದು ಇದೇ ಉಪಕಾರ ಮಾಡುತ್ತಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಅವನು ಅವಳ ಸಿಳ್ಳೆ ಕೇಳಿದ್ದೇ ಇಲ್ಲ. ಬಚ್ಚಿಡಬೇಕೆಂದು ಬಚ್ಚಿಟ್ಟದ್ದಲ್ಲ. ಮದುವೆಯಾದ ಹೊಸತರಲ್ಲಿ ನಾಚಿಕೆಗೆ ಹೇಳಲಿಲ್ಲ, ಆಮೇಲೆ ಹೇಳುವ ಹೊತ್ತು ಮೀರಿತ್ತು.

ಮೂಲೆಯಲ್ಲಿ ಗುಂಡಿಗಳನ್ನು ಬಣ್ಣ ನೋಡಿ ಬೇರೆಮಾಡುತ್ತಿದ್ದ ಅತ್ತೆ, ಮಗನ ಬೆನ್ನು ಮರೆಯಾದದ್ದೇ ತಡ, ಕತ್ತು ಚಾಚಿದರು. "ಕೇಳಿಸ್ಕೊಂಡ್ನೇನೇ?"

"ನನಗೇನು ಗೊತ್ತು? ಬಾಗಿಲಿಗೆ ಮುಖ ಮಾಡಿ ಕೂತಿದ್ದೋರು ನೀವು. ಒಂದು ಕೆಮ್ಮು ಕೆಮ್ಮಬಾರದಿತ್ತಾ?"

"ನಾನು ಗುಂಡಿಡಬ್ಬಿ ಮೇಲೆ ತಾಳ ಹಾಕ್ತಿದ್ನಲ್ಲೇ! ನಂಗೆ ತಾಳ ಹಾಕುವಾಗ ಕಣ್ಣು ಮುಚ್ಚಿಕೊಳ್ಳುತ್ತೆ."

ಆಮೇಲೆ ಮೂರು ದಿನ ಮನೆಯಲ್ಲಿ ಸಿಳ್ಳೆಯಿಲ್ಲ. ಸದ್ದಿಗಾಗಿ ಕಿವಿಗೊಡುವುದು ಅವಳಿಗೆ ಗೊತ್ತಿತ್ತು. ಇಲ್ಲದ ಸದ್ದಿಗೆ ಕಿವಿಗೊಡುವುದು ಹೇಗೆಂದು ತಿಳಿಯಲಿಲ್ಲ. ನಾಲ್ಕು ಹೊಲಿಗೆಗೊಮ್ಮೆ ಬಾಗಿಲು ನೋಡಿ ನೋಡಿ, ಒಂದು ಅಂಗಿಗೆ ಎರಡೂ ಎಡತೋಳನ್ನೇ ಹೊಲಿದಿಟ್ಟಳು. ಮೂರನೆಯ ಸಂಜೆ ಅವನು ಹೊಸ್ತಿಲಲ್ಲೇ ನಿಂತು, "ಏನು, ಮನೆ ಇಷ್ಟು ತಣ್ಣಗಿದೆ?" ಎಂದ. ಅದು ಕೊಂಕೋ, ಕಾಳಜಿಯೋ? ಮಾತನ್ನು ರಾತ್ರಿಯೆಲ್ಲ ಮಗುಚಿ ಹಾಕಿದರೂ ಒಳಮೈ ಯಾವುದು, ಹೊರಮೈ ಯಾವುದು ಗೊತ್ತಾಗಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಮೆಕ್ಯಾನಿಕ್‌ನ ಅಂಗಡಿಗೆ ಹೋದಳು. "ಆ ಸೈಲೆನ್ಸರು ತೆಗೆದು ಮೊದಲಿನ ಹಾಗೇ ಮಾಡಿಬಿಡಿ. ನಾನು ಹೇಳ್ದೆ ಅನ್ಬೇಡಿ. ಇಂಜಿನು ಸೋಲುತ್ತೆ ಅನ್ನಿ."

ಅವನು ಚಿಂದಿಯಲ್ಲಿ ಕೈ ಒರೆಸಿಕೊಂಡ. "ಅದು ಸುಳ್ಳೇನಲ್ಲಮ್ಮ. ಟೂ ಸ್ಟ್ರೋಕು ಅಂದ್ರೆ ಬಾಯಿಬಡುಕ. ಹೊಗೆ ಸರಾಗ ಆಚೆ ಹೋದ್ರೆ ಚೆನ್ನಾಗಿ ಎಳೆಯುತ್ತೆ, ಬಾಯಿ ಮುಚ್ಚಿಸಿದಷ್ಟೂ ಸೊರಗುತ್ತೆ. ಬೆಳಗ್ಗೆ ನಿಮ್ಮ ಯಜಮಾನ್ರಿಗೂ ಇದನ್ನೇ ಹೇಳಿದೆ."

"ಅವರು ಬಂದಿದ್ರಾ? ತೆಗೀರಿ ಅಂದ್ರಾ?"

"ಎಲ್ಲಿ! ಸದ್ದು ಹೀರೋ ಗಾಜಿನ ನಾರು ಇನ್ನೊಂದು ಸುತ್ತು ಹಾಕು, ಕೊಳವೆ ಇನ್ನೊಂದು ಗೇಣು ಉದ್ದ ಮಾಡು ಅಂದ್ರು. ಬಾಗಿಲಿಗೆ ಬಂದ್ರೂ ಒಳಗಿರೋರಿಗೆ ಗೊತ್ತಾಗಬಾರದಂತೆ. ಟ್ಯಾಂಕಿನ ಏರು ಹತ್ತಲ್ಲ ಸ್ವಾಮಿ ಅಂದೆ. ಇಳಿದು ತಳ್ಕೋತೀನಿ, ನೀನು ಮಾಡು ಅಂದ್ರು. ಮಾಡಿಕೊಟ್ಟೆ."

"ಯಾಕಂತೆ?"

"ಕೇಳ್ದೆ. ತುಟಿ ಅರಳಿಸಿದ್ರು. ಅದು ನಗುವೋ ಅಲ್ವೋ... ನಂಗೆ ಇಂಜಿನು ಅರ್ಥವಾಗುತ್ತಮ್ಮ, ಗಿರಾಕಿ ಅರ್ಥವಾಗಲ್ಲ."

ದಾರಿಯುದ್ದಕ್ಕೂ ತಲೆಯಲ್ಲಿ ಅದೇ ಸಿಕ್ಕು. ಹಿಡಿಯಬೇಕೆಂದು ಬರುವವನು ಅಷ್ಟು ಮೊಣಕಾಲು ನೋಯಿಸಿಕೊಂಡು ಬರುತ್ತಾನೆಯೇ? ಕೇಳಬೇಕೆಂದು ಬರುವವನಾದರೆ, ಕೇಳಿದೆ ಎಂದು ಬಾಯಿಬಿಟ್ಟು ಹೇಳಬಾರದೇ? ಹೇಳದಿದ್ದದ್ದೂ ಸರಿಯೇ. ಮೀಟರು ಓದುವವನು. ಓದಿದ್ದನ್ನು ಗುರುತು ಹಾಕಿಕೊಂಡು, ಮಾತಾಡದೆ ಹೊರಡುವುದೇ ಅವನ ಕಸುಬು.

ಸಂಜೆ ಅವಳು ಯಂತ್ರವನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಕೂತಳು. ತಿರುವಿನಲ್ಲಿ ಅವನು ಕಂಡ. ಸೈಕಲ್ಲಿನಿಂದ ಇಳಿದಿದ್ದ. ಹ್ಯಾಂಡಲ್ಲಿನ ಮೇಲೆ ಮೈಭಾರ ಹಾಕಿ ತಳ್ಳುತ್ತಿದ್ದ. ಹತ್ತು ಹೆಜ್ಜೆಗೊಮ್ಮೆ ನಿಂತು, ಮೊಣಕಾಲು ಉಜ್ಜಿಕೊಂಡು, ಮತ್ತೆ ತಳ್ಳುತ್ತಿದ್ದ. ಒಂದು ಕಿವಿ ಮನೆಯ ಕಡೆಗಿರುವಂತೆ ತಲೆಯನ್ನು ಪಕ್ಕಕ್ಕೆ ವಾಲಿಸಿದ್ದ.

"ಬಂದ್ನಾ?" ಅತ್ತೆ ಕೇಳಿದರು.

"ಹೂಂ."

ಅತ್ತೆಯ ಬೆರಳುಗಳು ಗುಂಡಿಡಬ್ಬಿಯ ಮೇಲೇರಿ ಕೂತವು. "ಹಾಗಾದ್ರೆ ಹೇಳು. ನಿಲ್ಸೋದಾ, ಶುರು ಮಾಡೋದಾ?"

ಅವಳ ತುಟಿ ದುಂಡಗಾಗಿತ್ತು. ಉಸಿರು ಮಾತ್ರ ಇನ್ನೂ ಒಳಗೇ ಇತ್ತು.