ಕೊನೆಯ ವೀಕ್ಷಕಿ

ನೋಡುವವರು ಒಬ್ಬರಿದ್ದರೂ ಧಾರಾವಾಹಿ ನಿಲ್ಲಿಸುವಂತಿಲ್ಲ, ಅದರ ನಿರ್ದೇಶಕ ಸಾಯುವಂತಿಲ್ಲ ಎಂಬ ಕಾಯಿದೆ ಬಂದು ಎಷ್ಟೋ ಕಾಲವಾಗಿತ್ತು. ‘ಅತ್ತೆಯ ಹಲ್ಲುಸೆಟ್ಟು’ ಎಂಬ ನಗೆ ಧಾರಾವಾಹಿಯ ನಿರ್ದೇಶಕ ಪುಟ್ಟಸ್ವಾಮಯ್ಯನವರಿಗೆ ಈಗ ನೂರಮೂವತ್ತು. ವರ್ಷಕ್ಕೊಮ್ಮೆ ಚಾನೆಲ್ಲಿನ ಡಾಕ್ಟರು ಬಂದು ಹೊಸ ಹೃದಯ ಜೋಡಿಸಿ ಹೋಗುತ್ತಿದ್ದರು. ನೋಡುವವರಲ್ಲಿ ಉಳಿದವರು ತಿಪಟೂರಿನ ಚೆನ್ನವೀರಮ್ಮ ಒಬ್ಬರೇ. ಒಂದು ಭಾನುವಾರ ಪುಟ್ಟಸ್ವಾಮಯ್ಯನವರು ಅವರ ಮನೆಗೇ ಹೋದರು.

“ಅಮ್ಮಾ, ಟೀವಿ ಆರಿಸಿಬಿಡಿ. ನನಗೆ ಸಾಕಾಗಿದೆ.”

“ನಾನೆಲ್ಲಿ ನೋಡ್ತೀನಿ ಸ್ವಾಮಿ? ಅದೇ ಅತ್ತೆ, ಅದೇ ಹಲ್ಲು. ನಕ್ಕು ಇಪ್ಪತ್ತು ವರ್ಷ ಆಯ್ತು,” ಎಂದರು ಆಕೆ, ಅವರೆಕಾಯಿ ಸುಲಿಯುತ್ತ.

“ಮತ್ಯಾಕಮ್ಮ ಹಾಕಿಟ್ಟಿದ್ದೀರಿ?”

“ಸ್ವಲ್ಪ ತಾಳಿ, ಈಗ ಬರ್ತಾನೆ.”

ಕಂತು ಮುಗಿಯಿತು. ಮೊದಲ ದಿನ ಚಿತ್ರೀಕರಿಸಿ, ಇಂದಿಗೂ ಪ್ರತಿ ಕಂತಿನ ಕೊನೆಗೆ ಅಂಟಿಸುವ ತುಣುಕು ಬಂತು. ಮೂವತ್ತರ ಪುಟ್ಟಸ್ವಾಮಯ್ಯ ಕಣ್ಣಲ್ಲಿ ನೀರು ತುಂಬಿಕೊಂಡು ಕೈಮುಗಿಯುತ್ತಿದ್ದ. “ನಿಮ್ಮನ್ನೇ ನಂಬಿದ್ದೀನಿ. ಯಾರು ಏನೇ ಹೇಳಲಿ, ನನ್ನ ಕೈಬಿಡಬೇಡಿ.”

“ಆಗಲಪ್ಪ, ಬಿಡಲ್ಲ,” ಎಂದು ಚೆನ್ನವೀರಮ್ಮ ಟೀವಿಗೆ ತಲೆಯಾಡಿಸಿದರು.

“ಅಮ್ಮಾ, ಅವನೇ ನಾನು!”

ಆಕೆ ಕನ್ನಡಕ ಏರಿಸಿ ಮುದುಕನ ಮುಖವನ್ನು ನಿಧಾನವಾಗಿ ನೋಡಿದರು.

“ಇರಬಹುದು ಸ್ವಾಮಿ. ಆದರೆ ನಾನು ಮಾತು ಕೊಟ್ಟಿರೋದು ಅವನಿಗೆ.”